ಯೊಸೆಮಿಟಿಗೆ ನೂರು ಡಾಲರ್ ಎಕ್ಸ್‌ಟ್ರಾ: ಇದರಿಂದ ಟ್ರಾಫಿಕ್ ಕಮ್ಮಿ ಆಗತ್ತಾ?

ಊರಿಂದ ಅಪ್ಪ ಅಮ್ಮನ್ನ ಕ್ಯಾಲಿಫೋರ್ನಿಯಾಗೆ ಕರೆಸ್ಕೊಂಡು ಯೊಸೆಮಿಟಿ ನ್ಯಾಷನಲ್ ಪಾರ್ಕ್ ತೋರಿಸ್ಬೇಕು ಅಂತಿದ್ದೋರಿಗೆ ಈ ವರ್ಷ ಒಂದು ಹೊಸ ಲೆಕ್ಕ ಎದುರಾಗಿದೆ. 2026ರ ಜನವರಿ 1ರಿಂದ ಅಮೆರಿಕದಲ್ಲಿ ವಾಸ ಇಲ್ಲದೆ ಇರೋರು 11 ನ್ಯಾಷನಲ್ ಪಾರ್ಕುಗಳಲ್ಲಿ ಮಾಮೂಲಿ ಎಂಟ್ರಿ ಫೀ ಜೊತೆಗೆ ತಲೆಗೆ 100 ಡಾಲರ್ ಕೊಡ್ಬೇಕು. ಆ ಲಿಸ್ಟಲ್ಲಿ ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್, ಝಯಾನ್ ಎಲ್ಲಾ ಇವೆ, ಯೊಸೆಮಿಟಿಯೂ ಇದೆ. ಸುದ್ದಿ ಬಂದಾಗಿಂದ ವಾಟ್ಸಾಪಲ್ಲಿ ಒಬ್ಬೊಬ್ಬರದ್ದು ಒಂದೊಂದು ವರ್ಷನ್. ಗ್ರೀನ್ ಕಾರ್ಡ್ ಇಲ್ದೆ ಇದ್ರೆ ಕೊಡ್ಬೇಕಂತೆ, ವೀಸಾದಲ್ಲಿರೋ ಎಲ್ರೂ ಕೊಡ್ಬೇಕಂತೆ, ರಶ್ ಕಮ್ಮಿ ಮಾಡೋಕೆ ಹಿಂಗ್ ಮಾಡಿದಾರಂತೆ, ದುಡ್ಡು ಹೊಡಿಯೋಕಂತೆ, ಹಿಂಗೆ.

ಇದರಲ್ಲಿ ಯಾವ್ದು ನಿಜ ಅಂತ ಬಿಡಿಸಿ ನೋಡ್ಬೇಕು ಅಂದ್ರೆ ಬರೀ ಫೀ ಚಾರ್ಟ್ ನೋಡಿದ್ರೆ ಸಾಲದು, ಯೊಸೆಮಿಟಿಯಲ್ಲಿ ಎಲ್ರೂ ನೋಡೋಕೆ ಹೋಗೋ ಕಣಿವೆ ಹೆಂಗಾಯ್ತು, ಅದು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದನ್ನೂ ಸ್ವಲ್ಪ ನೋಡ್ಬೇಕು, ಯಾಕಂದ್ರೆ ಅಲ್ಲಿನ ಟ್ರಾಫಿಕ್ ಸಮಸ್ಯೆಗೆ ಅರ್ಧ ಕಾರಣ ಆ ಜಾಗದ ಆಕಾರನೇ.

ಮೊದಲು ರೂಲ್ಸ್ ಏನು ಅಂತ

2025ರ ಜುಲೈ 3ಕ್ಕೆ ಟ್ರಂಪ್ ಒಂದು ಆದೇಶಕ್ಕೆ ಸೈನ್ ಹಾಕಿದ್ರು, ನ್ಯಾಷನಲ್ ಪಾರ್ಕುಗಳಲ್ಲಿ ಹೊರದೇಶದೋರ ಫೀ ಏರಿಸಿ ಅಂತ. ನವೆಂಬರಲ್ಲಿ ಪಾರ್ಕುಗಳನ್ನ ನೋಡ್ಕೊಳ್ಳೋ ಇಂಟೀರಿಯರ್ ಇಲಾಖೆ ವಿವರ ಕೊಡ್ತು. ವರ್ಷದ ಪಾಸ್ ಅಲ್ಲಿನ ನಿವಾಸಿಗಳಿಗೆ ಮೊದಲಿನ ಹಾಗೆ 80 ಡಾಲರ್, ಹೊರಗಿನೋರಿಗೆ 250. ಪಾಸ್ ತಗೊಳ್ದೆ ಹೋದ್ರೆ ಈ 11 ಪಾರ್ಕುಗಳಲ್ಲಿ 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ 100 ಡಾಲರ್. ಫೀ ಇಲ್ದೆ ಬಿಡೋ ಫ್ರೀ ದಿನಗಳೂ ಇನ್ನು ನಿವಾಸಿಗಳಿಗೆ ಮಾತ್ರ.

ಇಲ್ಲಿ ಎಲ್ರೂ ಎಡವ್ತಿರೋದು 'ನಿವಾಸಿ' ಅನ್ನೋ ಕಡೆ. ಕೇಳ್ತಿರೋದು ಪೌರತ್ವ ಅಲ್ಲ, ವಾಸ. ಕ್ಯಾಲಿಫೋರ್ನಿಯಾದ ಡ್ರೈವಿಂಗ್ ಲೈಸೆನ್ಸೋ ಸ್ಟೇಟ್ ಐಡಿಯೋ ಇದ್ರೆ ಗೇಟಲ್ಲಿ ಅದೇ ಸಾಕು, ಹಾಗಾಗಿ ಎಚ್‌-1ಬಿ ಕೆಲಸದ ವೀಸಾ ಮೇಲೆ ಸನ್ನಿವೇಲಲ್ಲಿ ಕೂತಿರೋರು ನಿವಾಸಿಗಳೇ. ವಿಸಿಟರ್ ವೀಸಾದಲ್ಲಿ ಮೈಸೂರಿಂದ ಬಂದಿರೋ ಅವರ ಅಪ್ಪ ಅಮ್ಮ ನಿವಾಸಿಗಳಲ್ಲ.

ಯೊಸೆಮಿಟಿಗೆ ಒಂದು ಕಾರಿಗೆ 35 ಡಾಲರ್, ಏಳು ದಿನ ನಡೆಯತ್ತೆ, ಒಳಗೆ ಎಷ್ಟು ಜನ ಕೂತಿದ್ರೂ ಅಷ್ಟೇ. ಬೆಂಗಳೂರಿಂದ ಬಂದ ಗಂಡ ಹೆಂಡ್ತಿ ಪಾಸ್ ಇಲ್ದೆ ಬಾಡಿಗೆ ಕಾರಲ್ಲಿ ಹೋದ್ರೆ ಹೋದ ವರ್ಷ 35 ಕೊಟ್ಟು ಒಳಗೆ ಹೋಗ್ತಿದ್ರು, ಈಗ 235. ಒಬ್ರೇ ಸುತ್ತೋರಾದ್ರೂ ಲಿಸ್ಟಲ್ಲಿರೋ ಮೂರು ಪಾರ್ಕ್ ನೋಡೋದಿದ್ರೆ 250ರ ಪಾಸೇ ಅಗ್ಗ. ನೂರು ಡಾಲರ್ ಅಂದ್ರೆ ಹತ್ತತ್ರ 9 ಸಾವಿರ ರೂಪಾಯಿ, ಊರಿಂದ ಬಂದೋರು ಅದನ್ನ ರೂಪಾಯಿಗೆ ಕನ್ವರ್ಟ್ ಮಾಡ್ದೆ ಬಿಡಲ್ಲ, ಮಾಡಿದ್ ಮೇಲೆ ಜಲಪಾತ ಮೊದಲಿನಷ್ಟು ಚೆನ್ನಾಗಿ ಕಾಣೋದೂ ಇಲ್ಲ.

ಎಲ್ರೂ ಒಂದೇ ಜಾಗಕ್ಕೆ ಯಾಕೆ ಹೋಗ್ತಾರೆ

ಯೊಸೆಮಿಟಿ ಪಾರ್ಕು ಸುಮಾರು 3,000 ಚದರ ಕಿಲೋಮೀಟರ್. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಭಾಗ ರೋಡಿಲ್ಲದ ಕಾಡು, ಬೆಟ್ಟ. 1984ರಲ್ಲಿ ಅದನ್ನ ಕಾನೂನಿನ ಪ್ರಕಾರ ವನ್ಯಪ್ರದೇಶ ಅಂತ ಗುರುತಿಸಿದಾರೆ. ಆದ್ರೆ ಫೋಟೋದಲ್ಲಿ ಕಾಣೋ ಯೊಸೆಮಿಟಿ, ಅಂದ್ರೆ ಎಲ್ ಕ್ಯಾಪಿಟನ್, ಹಾಫ್ ಡೋಮ್ ಅನ್ನೋ ಭಾರಿ ಬಂಡೆಗಳು, ದೊಡ್ಡ ಜಲಪಾತಗಳು, ಇವೆಲ್ಲಾ ಇರೋದು 11 ಕಿಲೋಮೀಟರ್ ಉದ್ದ, ಅಗಲ ಎಲ್ಲೂ ಎರಡು ಕಿಲೋಮೀಟರ್ ಮುಟ್ಟದ ಒಂದು ಕಣಿವೆಯ ಸುತ್ತ. ಲಕ್ಷಗಟ್ಟಲೆ ಜನ ಬರೋದು ಆ ಪಟ್ಟಿಗೆ.

ಆ ಪಟ್ಟಿ ಹಿಂಗಿರೋದಕ್ಕೆ ಕಾರಣ ಹಿಮ. ಅಲ್ಲಿನ ಗ್ರಾನೈಟ್ ಸುಮಾರು ಹತ್ತು ಕೋಟಿ ವರ್ಷದ ಹಿಂದೆ ಭೂಮಿ ಒಳಗೆ ಕರಗಿದ ಕಲ್ಲು ನಿಧಾನಕ್ಕೆ ತಣ್ಣಗಾಗಿ ಆಗಿದ್ದು. ಆಮೇಲೆ ಸಿಯೆರಾ ನೆವಾಡಾ ಬೆಟ್ಟಸಾಲು ಮೇಲೆದ್ದು ಪಶ್ಚಿಮಕ್ಕೆ ವಾಲಿತು, ಮರ್ಸೆಡ್ ನದಿಗೆ ಇಳಿಜಾರು ಜಾಸ್ತಿ ಆಗಿ ಆಳವಾಗಿ ಕೊರೀತು, ಆಗ ಕಣಿವೆ ಇಂಗ್ಲಿಷ್‌ನ ವಿ ಆಕಾರದಲ್ಲಿತ್ತು. ಸುಮಾರು ಹತ್ತು ಲಕ್ಷ ವರ್ಷದ ಹಿಂದಿನ ದೊಡ್ಡ ಹಿಮಯುಗದಲ್ಲಿ ಹಿಮನದಿ ಕಣಿವೆಯ ಮೇಲಂಚಿನ ತನಕ ತುಂಬ್ಕೊಂಡು ಹರೀತು. ಹಿಮನದಿ ನೀರಿನ ಥರ ತಳ ಮಾತ್ರ ಕೊರೆಯಲ್ಲ, ತಳದಲ್ಲಿ ಸಿಕ್ಕಿಹಾಕ್ಕೊಂಡ ಬಂಡೆ, ಜಲ್ಲಿ ಎಲ್ಲಾ ಸೇರಿಸ್ಕೊಂಡು ಅಕ್ಕಪಕ್ಕದ ಗೋಡೆಗಳನ್ನೂ ಮರಳು ಕಾಗದ ಹಿಡಿದು ಉಜ್ಜಿದ ಹಾಗೆ ಉಜ್ಜತ್ತೆ, ಕಲ್ಲಲ್ಲಿ ಮೊದಲೇ ಸೀಳು ಇದ್ದ ಕಡೆ ದೊಡ್ಡ ದೊಡ್ಡ ತುಂಡನ್ನೇ ಕಿತ್ಕೊಂಡು ಹೋಗತ್ತೆ. ಹಂಗಾಗಿ ವಿ ಹೋಗಿ ಯು ಆಯ್ತು, ಗೋಡೆಗಳು ನೆಟ್ಟಗೆ ನಿಂತ್ವು. ಪಕ್ಕದ ಚಿಕ್ಕ ಕಣಿವೆಗಳಲ್ಲಿ ಹಿಮ ಅಷ್ಟು ದಪ್ಪ ಇರ್ಲಿಲ್ಲ, ಅವು ಅಷ್ಟು ಆಳ ಕೊರೆಯೋಕಾಗದೆ ಮೇಲೇ ಉಳ್ಕೊಂಡ್ವು, ಈಗ ಅಲ್ಲಿಂದ ಬರೋ ತೊರೆಗಳು ಅಂಚು ತಲುಪಿದ ಕೂಡ್ಲೇ ಕೆಳಕ್ಕೆ ಬೀಳ್ಲೇಬೇಕು. 189 ಮೀಟರ್ ಎತ್ತರದ ಬ್ರೈಡಲ್‌ವೇಲ್ ಜಲಪಾತ ಆಗಿದ್ದು ಹೀಗೆ. ಮೂರು ಹಂತ ಸೇರಿ 739 ಮೀಟರ್ ಬೀಳೋ ಯೊಸೆಮಿಟಿ ಜಲಪಾತದ ತೊರೆಯೂ ಹಂಗೇ ಮೇಲೆ ಉಳ್ಕೊಂಡಿದ್ದು.

ಹಾಫ್ ಡೋಮ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ, ಪೂರ್ತಿ ಗುಂಡು ಬಂಡೆ ಇತ್ತು, ಹಿಮ ಅರ್ಧ ಕತ್ತರಿಸ್ಕೊಂಡು ಹೋಯ್ತು ಅಂತ. ಅದರ ತುದಿನ ಹಿಮ ಯಾವತ್ತೂ ಮುಚ್ಚೇ ಇಲ್ಲ. ಕಲ್ಲಲ್ಲೇ ಇದ್ದ ನೆಟ್ಟನೆ ಸೀಳುಗಳ ಗುಂಟ ಒಂದು ಮುಖ ಕಳಚಿ ಬಿತ್ತು, ಬುಡದಲ್ಲಿ ಬಿದ್ದ ಕಲ್ಲನ್ನ ಹಿಮ ಹೊತ್ಕೊಂಡು ಹೋಯ್ತು, ಅಷ್ಟೇ.

ಈ ಹಿಮನದಿ ಕಥೆನ ಒಪ್ಪಿಸೋದೂ ಸುಲಭ ಇರ್ಲಿಲ್ಲ. 1860ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಭೂವಿಜ್ಞಾನಿ ಜೋಸಯಾ ವಿಟ್ನಿ, ಕಣಿವೆ ತಳ ಭೂಕಂಪದಂಥದ್ದೇನೋ ಆಗಿ ಧಡಾರ್ ಅಂತ ಕುಸೀತು ಅಂದಿದ್ರು. ಅಲ್ಲಿ ಕುರಿ ಕಾದುಕೊಂಡು, ಮರ ಕೊಯ್ಯೋ ಮಿಲ್ಲಲ್ಲಿ ಕೆಲಸ ಮಾಡ್ಕೊಂಡು ಇದ್ದ ಜಾನ್ ಮ್ಯೂರ್, ಇಲ್ಲ ಸ್ವಾಮಿ ಇದು ಹಿಮದ ಕೆಲಸ ಅಂದಾಗ ಕುರುಬನಿಗೇನು ಗೊತ್ತು ಅಂತ ವಿಟ್ನಿ ತಳ್ಳಿಹಾಕಿದ್ರು. 1871ರಲ್ಲಿ ಮ್ಯೂರ್ ಆ ಬೆಟ್ಟಗಳಲ್ಲಿ ಇನ್ನೂ ಜೀವಂತ ಇದ್ದ ಹಿಮನದಿನೇ ಹುಡುಕಿ ತೋರಿಸಿದ. 1930ರಲ್ಲಿ ಫ್ರಾಂಸ್ವಾ ಮ್ಯಾಥೆಸ್ ಅನ್ನೋ ಭೂವಿಜ್ಞಾನಿಯ ವರದಿ ಬಂದ ಮೇಲೆ ನದಿ, ಹಿಮ ಎರಡೂ ಸೇರಿ ಮಾಡಿದ್ದು ಅನ್ನೋದು ಗಟ್ಟಿಯಾಯ್ತು. ಈಗ ಪಾರ್ಕಲ್ಲಿ ಉಳಿದಿರೋದು ಲಯಲ್, ಮ್ಯಾಕ್ಲೂರ್ ಅನ್ನೋ ಎರಡು ತುಣುಕು ಹಿಮನದಿ. ಅದರಲ್ಲಿ ಲಯಲ್ ಹರಿಯೋದನ್ನೇ ನಿಲ್ಲಿಸಿದೆ ಅಂತ 2013ರಲ್ಲಿ ಪಾರ್ಕ್‌ನೋರೇ ಹೇಳಿದಾರೆ.

ಆಕಾರಕ್ಕೂ ಜಾಮ್‌ಗೂ ಏನು ಸಂಬಂಧ

ಕೊನೇ ಹಿಮನದಿ ಸುಮಾರು 15 ಸಾವಿರ ವರ್ಷದ ಹಿಂದೆ ಕರಗಿ ಹಿಂದೆ ಸರಿಯುವಾಗ ತಾನು ತಂದ ಕಲ್ಲು ಮಣ್ಣನ್ನ ಅಡ್ಡಕ್ಕೆ ದಿಬ್ಬ ಮಾಡಿ ಬಿಟ್ಟು ಹೋಯ್ತು. ಅದರ ಹಿಂದೆ ನೀರು ನಿಂತು, ಹೂಳು ತುಂಬ್ತಾ ತುಂಬ್ತಾ ಈಗಿನ ಮಟ್ಟಸ ನೆಲ ಆಯ್ತು. ಅಸಲಿ ಬಂಡೆ ತಳ ಕೆಲವು ಕಡೆ ಈಗಿನ ನೆಲಕ್ಕಿಂತ 600 ಮೀಟರ್ ಕೆಳಗಿದೆ! ಸುತ್ತ ಗೋಡೆ, ನಡುವೆ ಕಾಲುವೆ ಥರ ಹರಿಯೋ ನದಿ, ಎರಡೂ ಕಡೆ ಹುಲ್ಲುಗಾವಲು. ಕಾರು ಓಡಿಸೋಕೆ, ಹೋಟೆಲ್ ಕಟ್ಟೋಕೆ ಸಿಗೋದು ಇದೊಂದೇ ನೆಲ.

ಸರಿ, ಇನ್ನೂ ನಾಲ್ಕು ಪಾರ್ಕಿಂಗ್ ಕಟ್ಟಿಬಿಡಿ ಅಂತ ಅನ್ಸಬಹುದು. ಎಲ್ಲಿ ಕಟ್ತೀರಿ? ನದಿ ಪಕ್ಕ ಕಟ್ಟಿದ್ರೆ ನೆರೆ. 1997ರ ಜನವರಿಯಲ್ಲಿ ಬೆಚ್ಚನೆ ಮಳೆ ಬಂದು ಹಿಮ ಕರಗಿ ಮರ್ಸೆಡ್ ಉಕ್ಕಿದಾಗ ಪಾರ್ಕನ್ನ ಎರಡು ತಿಂಗಳಿಗಿಂತ ಜಾಸ್ತಿ ಮುಚ್ಚಿದ್ರು, ನದಿ ದಂಡೇಲಿದ್ದ ಎರಡು ಕ್ಯಾಂಪ್‌ಗ್ರೌಂಡ್ ಆಮೇಲೆ ತೆರೆಯಲೇ ಇಲ್ಲ. ಹಂಗಂತ ನದಿ ಬಿಟ್ಟು ಗೋಡೆ ಬುಡಕ್ಕೆ ಸರಿದ್ರೆ ಬಂಡೆ ಬೀಳತ್ತೆ. 1996ರ ಜುಲೈಯಲ್ಲಿ ಹ್ಯಾಪಿ ಐಲ್ಸ್ ಹತ್ರ ಬಂಡೆ ಬಿದ್ದು, ಅದು ಎಬ್ಬಿಸಿದ ಗಾಳಿಗೇ ನೂರಾರು ಮರ ಉರುಳಿ ಒಬ್ಬರು ಸತ್ರು. 2008ರಲ್ಲಿ ಕಣಿವೆಯಲ್ಲಿ ಟೂರಿಸ್ಟುಗಳು ಉಳಿಯೋ ಕರಿ ವಿಲೇಜ್ ಮೇಲೆ ಬಂಡೆ ಬಿದ್ದ ಮೇಲೆ ಅಲ್ಲಿನ ಇನ್ನೂರಕ್ಕೂ ಜಾಸ್ತಿ ಕ್ಯಾಬಿನ್ನುಗಳನ್ನ ಶಾಶ್ವತವಾಗಿ ಮುಚ್ಚಿದ್ರು. ಅಂದ್ರೆ ಒಂದು ಕಡೆ ನೀರು, ಇನ್ನೊಂದು ಕಡೆ ಕಲ್ಲು, ನಡುವೆ ಉಳಿಯೋ ಚೂರಲ್ಲೇ ಎಲ್ಲಾ ಆಗ್ಬೇಕು. ಕಣಿವೆ ಒಳಗೆ ಹೋಗೋಕೆ ದಕ್ಷಿಣದ ದಂಡೆ ರಸ್ತೆ, ವಾಪಸ್ ಬರೋಕೆ ಉತ್ತರದ ದಂಡೆ ರಸ್ತೆ. ಇದೊಂದು ಸುತ್ತು ತುಂಬ್ತು ಅಂದ್ರೆ ಮುಗೀತು.

ಪಾರ್ಕ್‌ನೋರಿಗೆ ಇದು ಗೊತ್ತಿಲ್ದೆ ಇಲ್ಲ. 1980ರ ಮಾಸ್ಟರ್ ಪ್ಲಾನಲ್ಲೇ ಖಾಸಗಿ ಕಾರುಗಳನ್ನ ಕೊನೆಗೆ ಕಣಿವೆಯಿಂದ ಪೂರ್ತಿ ತೆಗೀಬೇಕು ಅಂತ ಗುರಿ ಇಟ್ಕೊಂಡಿದ್ರು. ಆಗ್ಲಿಲ್ಲ. 2016ರಲ್ಲಿ ವರ್ಷದ ಭೇಟಿ 50 ಲಕ್ಷ ದಾಟ್ತು. ಕೋವಿಡ್ ಟೈಮಲ್ಲಿ, 2020ರಲ್ಲಿ, ಮೊದಲೇ ರಿಸರ್ವೇಶನ್ ಮಾಡ್ಕೊಂಡು ಬರೋ ಪದ್ಧತಿ ತಂದ್ರು, 2022ರ ತನಕ ನಡೀತು, 2023ರಲ್ಲಿ ತೆಗೆದ್ರು, ಗಂಟೆಗಟ್ಟಲೆ ಕ್ಯೂ ಆಯ್ತು, 2024ರಲ್ಲಿ ಮತ್ತೆ ಬಂತು, 2025ರಲ್ಲಿ ಕೆಲವೇ ವಾರ, ಅದೂ ಬೆಳಗ್ಗೆ 6ರಿಂದ ಮಧ್ಯಾಹ್ನ 2ರ ತನಕ ಬರೋರಿಗೆ ಅಂತ ಚಿಕ್ಕದಾಯ್ತು. ಹೊರಗಿಂದ ನೋಡೋರಿಗೆ ತಲೆ ಕೆಡೋದು ಸಹಜ.

ಈ ಕಣಿವೆ ಯಾರದ್ದು ಅನ್ನೋ ಹಳೇ ತಕರಾರು

'ನಮ್ಮೋರು, ಹೊರಗಿನೋರು' ಅನ್ನೋ ಲೆಕ್ಕ ಈ ಗೇಟಲ್ಲಿ ಮೊದಲ ಸಲ ನಡೀತಿರೋದಲ್ಲ. ಅವಾನೀಚಿ ಜನ, ದಕ್ಷಿಣ ಸಿಯೆರಾ ಮಿವುಕ್ ಬಳಗದೋರು, ಇಲ್ಲಿ ಸಾವಿರಾರು ವರ್ಷದ ಬಾಳುವೆಯ ವಾರಸುದಾರರು. ಓಕ್ ಮರದ ಕಾಯಿ ಕುಟ್ಟಿ ಹಿಟ್ಟು ಮಾಡಿ ತಿನ್ನೋರು, ಹುಲ್ಲುಗಾವಲು ಮುಚ್ಚಿಹೋಗ್ದೆ ಇರಲಿ ಅಂತ ಬೇಕಂತಲೇ ಸಣ್ಣ ಬೆಂಕಿ ಹಾಕೋರು. ಚಿನ್ನದ ಆಸೆಗೆ ಬಂದ ಗಣಿಗಾರರ ಜೊತೆ ಜಗಳ ಶುರುವಾಗಿ, 1851ರ ಮಾರ್ಚಲ್ಲಿ ಮರಿಪೋಸಾ ಬಟಾಲಿಯನ್ ಅನ್ನೋ ಸ್ವಯಂಸೇವಕ ಪಡೆ ಕಣಿವೆಗೆ ನುಗ್ತು. ಮನೆ ಸುಟ್ರು, ಚಳಿಗಾಲಕ್ಕೆ ಕೂಡಿಟ್ಟ ಓಕ್ ಕಾಯಿ ಸುಟ್ರು. ಮುಖಂಡ ಟೆನಾಯಾನ ಮಗನನ್ನೂ ಗುಂಡಿಟ್ಟು ಕೊಂದ್ರು. ಆಮೇಲೆ ಆ ಪಡೆಯ ಡಾಕ್ಟರ್ ಬನ್ನೆಲ್, ನಿಮ್ಮನ್ನ ಹಿಡಿದ ಜಾಗದ ಈ ಸರೋವರಕ್ಕೆ ನಿಮ್ಮ ಹೆಸರೇ ಇಡ್ತೀವಿ ಅಂತ ಟೆನಾಯಾಗೆ ಹೇಳಿದಾಗ, ಅದಕ್ಕೆ ಹೆಸರು ಈಗಾಗ್ಲೇ ಇದೆಯಲ್ಲ ಅಂದನಂತೆ ಮುದುಕ. ಈಗ್ಲೂ ಮ್ಯಾಪಲ್ಲಿ ಅದು ಟೆನಾಯಾ ಲೇಕೇ.

ನಾಲ್ಕು ವರ್ಷಕ್ಕೆ, 1855ರಲ್ಲಿ, ಜೇಮ್ಸ್ ಹಚ್ಚಿಂಗ್ಸ್ ಅನ್ನೋನು ಟೂರಿಸ್ಟುಗಳನ್ನ ಕರ್ಕೊಂಡು ಬಂದ. ಅಷ್ಟು ಬೇಗ. 1864ರ ಜೂನ್ 30ಕ್ಕೆ, ಸಿವಿಲ್ ವಾರ್ ನಡೀತಿರುವಾಗ್ಲೇ, ಲಿಂಕನ್ ಸೈನ್ ಹಾಕಿ ಕಣಿವೆ ಮತ್ತೆ ಮರಿಪೋಸಾ ಗ್ರೋವಿನ ದೈತ್ಯ ಸಿಕ್ವೋಯಾ ಮರಗಳನ್ನ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕೊಟ್ರು, ಷರತ್ತು ಏನಂದ್ರೆ ಸಾರ್ವಜನಿಕರ ಬಳಕೆಗೆ, ವಿಹಾರಕ್ಕೆ ಇರ್ಬೇಕು ಅಂತ. 1890ರಲ್ಲಿ ಸುತ್ತಲ ಬೆಟ್ಟಗಳು ನ್ಯಾಷನಲ್ ಪಾರ್ಕ್ ಆದ್ವು, 1906ರಲ್ಲಿ ಕಣಿವೆನೂ ಅದಕ್ಕೆ ಸೇರ್ತು.

'ಸಾರ್ವಜನಿಕರು' ಲೆಕ್ಕದಲ್ಲಿ ಮೂಲದ ಜನ ಎಲ್ಲಿ ಬಂದ್ರು ಅಂತ ನೋಡಿ. 1916ರಿಂದ 1929ರ ತನಕ 'ಇಂಡಿಯನ್ ಫೀಲ್ಡ್ ಡೇಸ್' (ಇಲ್ಲಿ ಇಂಡಿಯನ್ ಅಂದ್ರೆ ಅಮೆರಿಕದ ಮೂಲನಿವಾಸಿ) ಅಂತ ಜಾತ್ರೆ ನಡೆಸ್ತಿದ್ರು, ಇವರಿಗೆ ಸಂಬಂಧವೇ ಇಲ್ಲದ ಬಯಲುಸೀಮೆ ಬುಡಕಟ್ಟುಗಳ ಗರಿ ಕಿರೀಟ ಹಾಕಿಸಿ, ಟೂರಿಸ್ಟುಗಳ ಕಲ್ಪನೆಯ ಇಂಡಿಯನ್ ಹೆಂಗಿರ್ಬೇಕೋ ಹಂಗೆ. ಆಮೇಲೆ ಅವರ ಹಳ್ಳಿಯಲ್ಲಿ ಇರೋಕೆ ಪಾರ್ಕಲ್ಲಿ ಕೆಲಸ ಇರ್ಲೇಬೇಕು ಅಂತ ರೂಲ್ ಆಯ್ತು. ಕೆಲಸ ಹೋದ್ರೆ ಮನೆ ಹೋಯ್ತು. ಎಚ್‌-1ಬಿ ಮೇಲೆ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. 1969ರಲ್ಲಿ ಕೊನೆಯ ಮನೆಗಳನ್ನ ಅಗ್ನಿಶಾಮಕ ತರಬೇತಿಗೆ ಅಂತ ಸುಟ್ಟುಹಾಕಿದ್ರು, ಕಣಿವೆಯಲ್ಲಿ ಉಳಿದಿದ್ದ ಕೊನೆಯ ವ್ಯಕ್ತಿ 1996ರಲ್ಲಿ ನಿವೃತ್ತಿಯಾಗಿ ಹೊರಟ್ರು. ದಕ್ಷಿಣ ಸಿಯೆರಾ ಮಿವುಕ್ ಜನ ಬುಡಕಟ್ಟು ಅಂತ ಕೇಂದ್ರ ಸರ್ಕಾರದ (ಫೆಡರಲ್) ಮಾನ್ಯತೆಗೆ ಅರ್ಜಿ ಹಾಕಿದ್ದು 1982ರಲ್ಲಿ. ಆ ಮಾನ್ಯತೆ ಕೈಗೆ ಬರದೆ ದಶಕಗಳೇ ಕಳೆದ್ವು. ಈಚೆಗೆ ಒಂದು ಟ್ರಸ್ಟ್ ಪಾರ್ಕ್ ಗಡಿ ಪಕ್ಕದ ಸುಮಾರು 900 ಎಕರೆ ಅವರ ಹೆಸರಿಗೆ ಬರೆದುಕೊಟ್ಟಿದೆ.

ಪಕ್ಕದ ಕಣಿವೆಗೆ ಬಾಡಿಗೆ 30 ಸಾವಿರ

ಇದೇ ಪಾರ್ಕಲ್ಲಿ, ಇದೇ ಥರ ಹಿಮ ಕೊರೆದ ಇನ್ನೊಂದು ಕಣಿವೆ ಇತ್ತು, ಹೆಚ್ ಹೆಚಿ ಅಂತ. ಇತ್ತು ಅಂದೆ ಯಾಕಂದ್ರೆ ಅದು ನೀರಲ್ಲಿ ಮುಳುಗಿದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಕುಡಿಯೋ ನೀರು ಬೇಕು ಅಂತ 1913ರಲ್ಲಿ ರೇಕರ್ ಕಾಯ್ದೆ ಪಾಸಾಯ್ತು, ಮ್ಯೂರ್ ಬಡ್ಕೊಂಡ್ರೂ ನಡೀಲಿಲ್ಲ, 1923ಕ್ಕೆ ಓಶಾನೆಸಿ ಡ್ಯಾಮ್ ಎದ್ದು ನಿಂತಿತು. ಇವತ್ತು ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಸುಮಾರು 27 ಲಕ್ಷ ಜನಕ್ಕೆ ಈ ವ್ಯವಸ್ಥೆಯಿಂದ ನೀರು ಹೋಗತ್ತೆ, ಸನ್ನಿವೇಲ್, ಮಿಲ್ಪಿಟಾಸ್, ಫ್ರೀಮಾಂಟ್ ಕಡೆಯ ನಲ್ಲಿಗಳಲ್ಲೂ ಇದರ ಪಾಲಿದೆ, ಅಂದ್ರೆ ಅಲ್ಲಿ ಸಾರು ಕುದಿಸೋ ಕನ್ನಡದ ಮನೆಗಳಲ್ಲೂ. ಇದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ನಗರ ಕೇಂದ್ರ ಸರ್ಕಾರಕ್ಕೆ ಕೊಡೋ ಬಾಡಿಗೆ ವರ್ಷಕ್ಕೆ 30 ಸಾವಿರ ಡಾಲರ್. ಹೊಸ ಲೆಕ್ಕದಲ್ಲಿ 300 ಜನ ಫಾರಿನ್ ಟೂರಿಸ್ಟುಗಳು ಗೇಟಲ್ಲಿ ಕೊಡೋ ಎಕ್ಸ್‌ಟ್ರಾ ಫೀ ಅಷ್ಟೇ!

2012ರಲ್ಲಿ ಡ್ಯಾಮ್ ಖಾಲಿ ಮಾಡಬಹುದಾ ಅಂತ ಬರೀ ಸ್ಟಡಿ ಮಾಡೋಣ ಅನ್ನೋ ಪ್ರಸ್ತಾಪನ ನಗರದ ಮತದಾರರು ಬೀಳಿಸಿದ್ರು. ಪಾರ್ಕಿನ ಖರ್ಚು ಯಾರು ಹೊರಬೇಕು ಅನ್ನೋ ಮಾತು ಬಂದಾಗ ಈ 30 ಸಾವಿರದ ಸುದ್ದಿನ ಯಾಕೆ ಎತ್ತಲ್ಲ ಅಂತ ನಂಗೆ ಅನ್ಸತ್ತೆ.

ಪರ ವಿರೋಧ

ಫೀ ಪರ ಇರೋರ ವಾದ ಸರಳ. ಅಮೆರಿಕನ್ನರು ಟ್ಯಾಕ್ಸ್ ಮೂಲಕ ಪಾರ್ಕುಗಳಿಗೆ ಮೊದಲೇ ದುಡ್ಡು ಕೊಟ್ಟಿರ್ತಾರೆ, ಹೊರಗಿನೋರು ಕೊಟ್ಟಿರಲ್ಲ. ಪಾರ್ಕುಗಳಲ್ಲಿ ಬಾಕಿ ಬಿದ್ದಿರೋ ರಿಪೇರಿ ಕೆಲಸದ ಮೊತ್ತ ಸುಮಾರು 2,300 ಕೋಟಿ ಡಾಲರ್. ಬೇರೆ ದೇಶಗಳೂ ಹಿಂಗೇ ಮಾಡ್ತಾವೆ.

ಈ ಕೊನೇ ಮಾತಿಗೆ ನಾವು ಎದುರು ಮಾತಾಡೋಕಾಗಲ್ಲ. ಹಂಪಿಯ ವಿಠ್ಠಲ ದೇವಸ್ಥಾನದ ಕೌಂಟರಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600, ಹದಿನೈದು ಪಟ್ಟು. ಇಷ್ಟು ವರ್ಷ ಅದರ ಬಗ್ಗೆ ತಲೆ ಕೆಡಿಸ್ಕೊಳ್ಳದೆ ಇದ್ದು, ಈಗ ಯೊಸೆಮಿಟಿಲಿ ತಾರತಮ್ಯ ಅಂತ ಕೂಗಿದ್ರೆ ಚೆನ್ನಾಗಿರಲ್ಲ. ಆದ್ರೆ 600 ರೂಪಾಯಿ ಅಂದ್ರೆ ಏಳು ಡಾಲರೂ ಆಗಲ್ಲ, ಅಷ್ಟು ದೂರದಿಂದ ಬಂದೋರು ಅದಕ್ಕೆ ಪ್ಲಾನ್ ಬದಲಾಯಿಸಲ್ಲ. ಮಕ್ಕಳು ದೊಡ್ಡೋರಾಗಿರೋ ನಾಲ್ಕು ಜನರ ಕುಟುಂಬಕ್ಕೆ ಪಾಸ್ ಇಲ್ದೆ ಹೋದ್ರೆ 400 ಡಾಲರ್ ಅಂದ್ರೆ ಬದಲಾಯಿಸ್ತಾರೆ.

ವಿರೋಧ ಇರೋರದ್ದು ಎರಡು ಥರ. ಮರಿಪೋಸಾ, ಓಕ್‌ಹರ್ಸ್ಟ್, ಗ್ರೋವ್‌ಲ್ಯಾಂಡ್ ಥರದ ಗೇಟ್ ಪಕ್ಕದ ಊರುಗಳು ಬದುಕೋದೇ ಟೂರಿಸ್ಟುಗಳ ಮೇಲೆ, ಹೊರದೇಶದೋರು ಬೆಳಗ್ಗೆ ಬಂದು ಸಂಜೆ ಹೋಗೋರಲ್ಲ, ರೂಮ್ ಹಿಡಿದು ಉಳಿಯೋರು. ಎರಡನೇದು ಗೇಟಿನ ಪ್ರಾಕ್ಟಿಕಲ್ ಕಷ್ಟ. ಇಲ್ಲಿ ತನಕ ಒಂದು ಕಾರು, ಒಂದು ಕಾರ್ಡ್ ಸ್ವೈಪ್, ಒಂದು ಮ್ಯಾಪ್, ಹೋಗ್ತಾ ಇರಿ ಅಂತಿತ್ತು. ಈಗ ಕಾರಲ್ಲಿರೋರು ಯಾರು ಎಲ್ಲಿಯೋರು, 16 ಆಗಿದೆಯಾ, ಐಡಿ ಎಲ್ಲಿ, ಬ್ಯಾಗು ಡಿಕ್ಕಿಲಿದೆ ಒಂದ್ ನಿಮಿಷ ಅನ್ನೋದೆಲ್ಲಾ ಬಂತು. ಪ್ರತಿ ಕಾರಿಗೆ ಒಂದು ನಿಮಿಷ ಜಾಸ್ತಿ ಹಿಡಿದ್ರೂ ಹಿಂದೆ 200 ಕಾರು ನಿಂತಿರೋ ಶನಿವಾರ ಬೆಳಗ್ಗೆ ಅದು ಎಲ್ಲಿಗೆ ಹೋಗಿ ಮುಟ್ಟತ್ತೆ ಅಂತ ಊಹೆ ಮಾಡ್ಕೊಳಿ.

ದುಡ್ಡು ಎಲ್ಲಿಗೆ ಹೋಗತ್ತೆ

2004ರ ಕಾಯ್ದೆ ಪ್ರಕಾರ ಗೇಟಲ್ಲಿ ಸಂಗ್ರಹ ಆದ ಫೀಯಲ್ಲಿ ಸಾಮಾನ್ಯವಾಗಿ 80 ಪರ್ಸೆಂಟ್ ಅದೇ ಪಾರ್ಕಲ್ಲಿ ಉಳಿಯತ್ತೆ, ಉಳಿದಿದ್ದು ಫೀ ಇಲ್ಲದ ಪಾರ್ಕುಗಳಿಗೂ ಹಂಚಿ ಹೋಗತ್ತೆ. ಹೊರದೇಶದೋರ ಹೆಚ್ಚುವರಿ ಫೀಯಿಂದ ದೇಶಾದ್ಯಂತ ವರ್ಷಕ್ಕೆ 9 ಕೋಟಿ ಡಾಲರಿಗೂ ಜಾಸ್ತಿ ಬರಬಹುದು ಅಂತ ಸರ್ಕಾರದ ಅಂದಾಜು. 2,300 ಕೋಟಿ ಬಾಕಿ ಮುಂದೆ ಇದು ಇನ್ನೂರೈವತ್ತು ವರ್ಷದ ಇಎಂಐ.

ಆದ್ರೂ ಕಾಸು ಕಾಸೇ, ಟಾಯ್ಲೆಟ್ ರಿಪೇರಿ ಆಗತ್ತೆ, ಶಟಲ್ ಬಸ್ಸು ಬರತ್ತೆ ಅಂತ ವಾದ ಮಾಡಬಹುದು. ಅದು ಸರಿನೇ, ಒಂದು ಕಡೆಯಿಂದ ಕೊಟ್ಟು ಇನ್ನೊಂದು ಕಡೆಯಿಂದ ಕಿತ್ಕೊಳ್ದೆ ಇದ್ರೆ. 2025ರ ಫೆಬ್ರವರಿಯಲ್ಲಿ ಈ ಪಾರ್ಕುಗಳನ್ನ ನಡೆಸೋ ಪಾರ್ಕ್ ಸರ್ವಿಸ್‌ನ ಸುಮಾರು ಸಾವಿರ ಜನ ಪ್ರೊಬೇಷನರಿ ನೌಕರರನ್ನ ಒಂದೇ ಏಟಿಗೆ ತೆಗೆದ್ರು, ಕೋರ್ಟ್ ಆದೇಶ ಬಂದು ಆಮೇಲೆ ವಾಪಸ್ ತಗೊಳ್ಬೇಕಾಯ್ತು. ಆ ಸಿಟ್ಟಿಗೆ ಯೊಸೆಮಿಟಿಯಲ್ಲಿ ಕೆಲವರು ಎಲ್ ಕ್ಯಾಪಿಟನ್ ಬಂಡೆ ಮೇಲೆ ಅಮೆರಿಕದ ಬಾವುಟನ ತಲೆಕೆಳಗಾಗಿ ಇಳಿಬಿಟ್ಟಿದ್ದು ದೊಡ್ಡ ಸುದ್ದಿಯಾಗಿತ್ತು, ಸಂಕಟದಲ್ಲಿದೀವಿ ಅಂತ ಹೇಳೋ ಗುರುತು ಅದು. ಫೀಯಿಂದ ಬಂದ ದುಡ್ಡಲ್ಲಿ ಕಟ್ಟಡ, ರೋಡು ರಿಪೇರಿ ಮಾಡಬಹುದು, ಖಾಯಂ ರೇಂಜರ್‌ಗಳ ಸಂಬಳ ಬರೋದು ಮುಖ್ಯವಾಗಿ ಅಮೆರಿಕದ ಸಂಸತ್ತು (ಕಾಂಗ್ರೆಸ್) ಕೊಡೋ ಬಜೆಟ್ಟಿಂದ. ಹಾಗಾಗಿ ಗೇಟಲ್ಲಿ ಐಡಿ ನೋಡೋ ಕೆಲಸ ಹೆಚ್ಚಿಸಿ, ನೋಡೋ ಜನರನ್ನ ಕಮ್ಮಿ ಮಾಡೋ ಪರಿಸ್ಥಿತಿ ಬರಬಹುದು.

ಹಾಗಾದ್ರೆ ಏನಾಗಬಹುದು

ರಶ್ ಕಮ್ಮಿ ಆಗತ್ತೆ ಅನ್ನೋ ಆಸೆ ಇಟ್ಕೊಳ್ಬೇಡಿ. ಬೇಸಿಗೆ ವೀಕೆಂಡಲ್ಲಿ ಆ ಒಂದು ಸುತ್ತು ರಸ್ತೆನ ತುಂಬಿಸೋಕೆ ಬೇ ಏರಿಯಾ, ಲಾಸ್ ಏಂಜಲಿಸ್, ಫ್ರೆಸ್ನೋ ಕಡೆಯಿಂದ ಬರೋರೇ ಸಾಕು, ಅವರಿಗೆ ಒಂದು ಸೆಂಟೂ ಏರಿಲ್ಲ. ರಶ್ ಇಳಿಸೋ ಶಕ್ತಿ ಇದ್ದಿದ್ದು ರಿಸರ್ವೇಶನ್ ಪದ್ಧತಿಗೆ, ಯಾಕಂದ್ರೆ ಅದು ಎಣಿಸ್ತಿದ್ದಿದ್ದು ಕಾರುಗಳನ್ನ, ಪಾಸ್‌ಪೋರ್ಟುಗಳನ್ನಲ್ಲ. ಅದನ್ನ ಜನ ಬೈದ್ರೂ ಕೆಲಸ ಮಾಡ್ತಿತ್ತು.

ಹೊರದೇಶದೋರು ಪೂರ್ತಿ ನಿಲ್ಲಲ್ಲ, ದಾರಿ ಬದಲಾಯಿಸ್ತಾರೆ. ಡೆತ್ ವ್ಯಾಲಿ, ಲ್ಯಾಸೆನ್, ರೆಡ್‌ವುಡ್ ಆ ಹನ್ನೊಂದರ ಲಿಸ್ಟಲ್ಲಿಲ್ಲ, ಕ್ಯಾಲಿಫೋರ್ನಿಯಾದಲ್ಲೇ ಇವೆ. ಒಂದಷ್ಟು ಜನ ಅತ್ತ ತಿರುಗಬಹುದು, ಅಷ್ಟು ಜನಕ್ಕೆ ಅಲ್ಲಿ ತಯಾರಿ ಇದೆಯಾ ಅನ್ನೋದು ಬೇರೆ ಪ್ರಶ್ನೆ. ಟೂರ್ ಕಂಪನಿಗಳು 250ರ ಪಾಸನ್ನ ಪ್ಯಾಕೇಜಿಗೆ ಸೇರಿಸಿ ಮಾರ್ತಾರೆ. ಎರಡು ದಿನ ಉಳಿಯೋ ಪ್ಲಾನ್ ಇದ್ದೋರು ಕೈ ಬಿಟ್ರೆ ಪೆಟ್ಟು ಬೀಳೋದು ಮರಿಪೋಸಾದ ಲಾಡ್ಜ್ ಮಾಲೀಕರಿಗೆ.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಈ ವರ್ಷ ಮೂರು ವಿಷಯ ಮೊದಲೇ ನೋಡ್ಕೊಳಿ: ಹೋಗೋ ದಿನಕ್ಕೆ ರಿಸರ್ವೇಶನ್ ಬೇಕಾ, ಪಾರ್ಕಿನ ಬೆಟ್ಟದ ಮೇಲಿನ ಟಯೋಗಾ ರೋಡ್ ತೆರೆದಿದೆಯಾ (ಹಿಮ ಬಿದ್ದು ಸಾಮಾನ್ಯವಾಗಿ ನವೆಂಬರಿಂದ ಮೇ ತನಕ ಮುಚ್ಚಿರತ್ತೆ), ಐಡಿ ಕೈಗೆ ಸಿಗೋ ಹಾಗಿದೆಯಾ. ಜಲಪಾತದಲ್ಲಿ ನೀರು ನೋಡ್ಬೇಕು ಅಂದ್ರೆ ಮೇ, ಜೂನ್ ಒಳಗೆ ಹೋಗಿ, ಆಗಸ್ಟ್ ಹೊತ್ತಿಗೆ ಯೊಸೆಮಿಟಿ ಜಲಪಾತ ಎಷ್ಟೋ ವರ್ಷ ಒಣಗೇ ಇರತ್ತೆ, 235 ಡಾಲರ್ ಕೊಟ್ಟು ಖಾಲಿ ಬಂಡೆ ನೋಡ್ಬೇಕಾಗತ್ತೆ.